ಕೀಲು ಮಾಡಿದ ಕೈ

ಆ ಬೀದಿಯವರೆಲ್ಲ ಅವಳನ್ನು ಕೀಲಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಬಂದದ್ದು ಗಂಡನ ದೆಸೆಯಿಂದ. ಮಡಚುವ ಊರುಗೋಲಿಗೆ ಹೊಸ ಬಗೆಯ ಕೀಲು ಕಂಡುಹಿಡಿದವನೆಂದು ಪೇಪರಿನಲ್ಲಿ ಬಂದ ಮೇಲೆ ಗಂಡ ಕೀಲಣ್ಣನಾದ. ಕೀಲಣ್ಣನ ಹೆಂಡತಿ ಕೀಲಕ್ಕನಾಗದೆ ಇನ್ನೇನಾದಾಳು? ಅವನು ತೀರಿಕೊಂಡು ಏಳು ವರ್ಷವಾಗಿತ್ತು. ಹೆಸರು ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಕೋರ್ಟಿನ ಲಕೋಟೆ ಬಂದ ದಿನವೂ ಅಂಚೆಯವನು "ಕೀಲಕ್ಕಾ, ಸಹಿ ಬೇಕು" ಎಂದು ಬಾಗಿಲಲ್ಲೇ ಕೂಗಿದ. ಸಹಿ ಹಾಕಿದವಳು ಮಗಳು. ಮನೆಯ ಹಿಂದಿನ ತಗಡಿನ ಷೆಡ್ಡೇ ಅವರ ಕಾರ್ಖಾನೆ. ಒಂದು ಲೇಥು, ಎರಡು ಡ್ರಿಲ್ಲಿಂಗ್ ಮಷೀನು, ಗೋಡೆಗುಂಟ ಅಲ್ಯುಮಿನಿಯಂ ಕೊಳವೆಗಳ ಕಂತೆ, ಬಾಗಿಲ ಬಳಿ ಕೋಲಿನ ಬುಡಕ್ಕೆ ಹಾಕುವ ರಬ್ಬರ್ ಬೂಟುಗಳ ಮೂಟೆ. ಕೆಲಸಕ್ಕೆ ಹಳೆಯ ಮೇಸ್ತ್ರಿಯೊಬ್ಬ, ಜೋಡಿಸಿ ಕಟ್ಟಲು ಇಬ್ಬರು ಹೆಂಗಸರು. ಮುಂದಿನ ಪುಟ್ಟ ಕೋಣೆಯಲ್ಲಿ ಮಗಳು ಕೂತು ಆಸ್ಪತ್ರೆಗಳಿಗೆ ಪತ್ರ ಬರೆಯುತ್ತಿದ್ದಳು, ಫೋನು ಎತ್ತುತ್ತಿದ್ದಳು. ಇಪ್ಪತ್ತಾರು ವರ್ಷದ ಹುಡುಗಿ. ಅಪ್ಪನದೇ ಮೂಗು, ಅಪ್ಪನದೇ ಮುಂಗೋಪ.

ಲಕೋಟೆ ಒಡೆದುಕೊಂಡೇ ಅವಳು ಷೆಡ್ಡಿಗೆ ಓಡಿ ಬಂದಳು. "ಅಮ್ಮಾ, ಅದೇ ಕಂಪನಿ. ಮತ್ತೆ ಕೇಸ್ ಹಾಕಿದ್ದಾರೆ."

ಕೀಲಕ್ಕ ಹಿಡಿಕೆಯೊಂದನ್ನು ವೈಸಿನ ಹಲ್ಲಿಗೆ ಕಚ್ಚಿಸಿ ಅರದಿಂದ ಉಜ್ಜುತ್ತಿದ್ದಳು. ಅರ ನಿಲ್ಲಲಿಲ್ಲ. "ಏನಂತೆ?"

"ಅಪ್ಪನ ಕೀಲು ಅವರದಂತೆ. ನಾವು ಕದ್ದಿದೀವಂತೆ."

"ಅದು ಆಗಲೇ ಮುಗಿದಿತ್ತಲ್ಲ" ಎಂದಳು ಅವಳು, ಮುಗಿದ ಹಾಲಿನ ಪ್ಯಾಕೆಟ್ಟಿನ ವಿಷಯ ಹೇಳುವವಳ ಹಾಗೆ.

ಮುಗಿದದ್ದು ನಿಜ. ಹನ್ನೊಂದು ವರ್ಷದ ಹಿಂದೆ ಅದೇ ಕಂಪನಿ ಇಂಥದೇ ಕಾಗದ ಕಳಿಸಿತ್ತು. ಮಡಚುವ ಕೀಲಿಗೆ ತಾನು ಪೇಟೆಂಟ್ ಪಡೆದಿದ್ದೇನೆ, ಈ ಷೆಡ್ಡಿನವರು ಅದನ್ನು ನಕಲು ಮಾಡುತ್ತಿದ್ದಾರೆ, ನಿಲ್ಲಿಸಬೇಕು ಎಂದು. ಗಂಡ ಹೆದರುವ ಕುಳವಲ್ಲ. ಸಾಲಸೋಲ ಮಾಡದೆ, ಹಗಲು ಕೆಲಸ ಬಿಡದೆ, ಎರಡು ವರ್ಷ ಕೋರ್ಟಿಗೆ ಅಲೆದ. ಅವನ ಕೈಯಲ್ಲಿ ಎರಡೇ ಆಯುಧ. ಒಂದು, ಚೌಕುಳಿ ಹಾಳೆಯ ಗಣಿತದ ನೋಟ್‌ಬುಕ್ಕು. ಕೀಲಿನ ಚಿತ್ರಗಳು, ಅಳತೆಗಳು, ಪ್ರತಿ ಪುಟದ ತಲೆಯಲ್ಲೂ ತಾರೀಖು. ಇನ್ನೊಂದು, ನಲವತ್ತು ಜೊತೆ ಊರುಗೋಲು ತಲುಪಿದವು ಎಂದು ಆಸ್ಪತ್ರೆಯೊಂದು ಬರೆದುಕೊಟ್ಟಿದ್ದ ಪತ್ರ. ಎರಡರ ತಾರೀಖೂ ಕಂಪನಿ ಪೇಟೆಂಟಿಗೆ ಅರ್ಜಿ ಹಾಕಿದ್ದಕ್ಕಿಂತ ಒಂದು ವರ್ಷಕ್ಕೂ ಹಿಂದಿನದು. ಜನ ಆಗಲೇ ಹಿಡಿದು ನಡೆದಾಡುತ್ತಿದ್ದ ವಸ್ತುವಿಗೆ ಆಮೇಲೆ ಬಂದವರು ಪೇಟೆಂಟ್ ಕೇಳುವಂತಿಲ್ಲ ಎಂದು ಕೋರ್ಟು ಹೇಳಿತು. ಕಂಪನಿಯ ಪೇಟೆಂಟ್ ರದ್ದಾಯಿತು. ಕಂಪನಿ ಮೇಲಿನ ಕೋರ್ಟಿಗೂ ಹೋಗಿ ಅಲ್ಲಿಯೂ ಸೋತಿತು.

ಗಂಡ ಸಾಕ್ಷಿಕಟ್ಟೆ ಹತ್ತಿದ ದಿನ ಕೀಲಕ್ಕ ಊಟದ ಚೀಲ ತೊಡೆಯ ಮೇಲಿಟ್ಟುಕೊಂಡು ಮೂರನೇ ಬೆಂಚಿನಲ್ಲಿ ಕೂತಿದ್ದಳು.

"ಈ ಕೀಲು ಮಾಡಿದ್ದು ಯಾರು?" ಎಂದು ಅವರ ವಕೀಲರೇ ಕೇಳಿದರು.

"ನಾನೇ" ಎಂದ ಗಂಡ.

"ಹೇಗೆ ಹೊಳೀತು?"

"ಮನೆ ಕಿಟಕಿ ಚಿಲಕ ನೋಡ್ತಾ ಇದ್ದೆ. ಹಾಗೇ ಹೊಳೀತು."

ಅವಳಿಗೆ ಆಗ ಕೋಪ ಬರಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತವಳಿಗೆ ಜೋಮು ಹಿಡಿದಂತೆ ಏನೋ ಆಯಿತು, ಅಷ್ಟೆ. ಮಧ್ಯಾಹ್ನ ಕೋರ್ಟಿನ ಮೊಗಸಾಲೆಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಗಂಡ ಅವಳ ಮುಖ ನೋಡದೆ ಹೇಳಿದ್ದ. "ಒಬ್ರ ಹೆಸರಾದ್ರೆ ಗಟ್ಟಿ, ಇಬ್ರ ಹೆಸರು ಬಂದ್ರೆ ನಡುವೆ ಬೆಣೆ ಹೊಡೀತಾರೆ ಅಂದ್ರು ವಕೀಲ್ರು. ನಮ್ಮನೇ ವಿಷ್ಯ ನಮಗೆ ಗೊತ್ತಲ್ಲ."

"ಇರಲಿ ಬಿಡಿ" ಎಂದಿದ್ದಳು. ಇರಲಿ ಬಿಡಿ ಎನ್ನುವುದು ಅವಳ ನಾಲಗೆ ತುದಿಯಲ್ಲೇ ಇರುವ ಮಾತು. ಅದನ್ನು ಆಡಿದರೆ ಊಟ ಮುಂದುವರಿಯುತ್ತದೆ.

ಮದುವೆಗೆ ಮೊದಲು ಅವಳು ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಐದು ವರ್ಷ ಕೆಲಸ ಮಾಡಿದವಳು. ಎಂಜಿನಿಯರುಗಳ ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ತಿದ್ದಿ ತೆಗೆಯುವುದು ಅವಳ ಕೆಲಸ. ಇಂಗ್ಲಿಷ್ ಅಂಕಿಯ ಏಳು ಒಂದರ ಹಾಗೆ ಕಾಣಬಾರದೆಂದು ಅದರ ನಡುವೆ ಅಡ್ಡಗೆರೆ ಎಳೆಯಲು ಅಲ್ಲಿ ಕಲಿಸಿದ್ದರು. ಆ ಅಡ್ಡಗೆರೆ ಕೊನೆಯವರೆಗೂ ಅವಳ ಕೈ ಬಿಡಲಿಲ್ಲ. ದಿನಸಿ ಚೀಟಿಯಲ್ಲಿಯೂ ಏಳಕ್ಕೆ ಅಡ್ಡಗೆರೆಯೇ. ನೋಟ್‌ಬುಕ್ಕಿನಲ್ಲಿಯೂ ಅದೇ.

ಹಾಗೆಂದು ಗಂಡ ಕೆಟ್ಟವನಲ್ಲ, ಕಳ್ಳನೂ ಅಲ್ಲ. ಕಾಗದದ ಮೇಲಿನ ಕೀಲಿಗೆ ಯಾರೂ ಭಾರ ಬಿಟ್ಟು ನಿಲ್ಲಲಾರರು. ಕೀಲಿನೊಳಗಿನ ಬಾಗಿದ ಉಕ್ಕಿನ ಪಟ್ಟಿಗೆ, ಅವರು ಅದನ್ನು ನಾಲಗೆ ಎನ್ನುತ್ತಿದ್ದರು, ಹದ ಕೊಟ್ಟವನು ಅವನು. ಕಾಯಿಸುವುದು, ಎಣ್ಣೆಗೆ ಅದ್ದುವುದು, ಮುರಿಯುವುದು, ಮತ್ತೆ ಕಾಯಿಸುವುದು. ನಾಲ್ಕು ತಿಂಗಳು ಅವನ ಬೆರಳ ತುದಿಗಳು ಸುಟ್ಟು ಬೊಬ್ಬೆ ಎದ್ದಿದ್ದವು. ಅದನ್ನೆಲ್ಲ ಹೇಳಿಕೊಂಡಿದ್ದರೂ ಸಾಕಿತ್ತು. ಆದರೆ ಕೋರ್ಟಿನಲ್ಲಿ ಕಿಟಕಿಯ ಕತೆ ಗೆದ್ದುಬಿಟ್ಟಿತು. ಗೆದ್ದ ಕತೆಯನ್ನು ಯಾರು ಬಿಡುತ್ತಾರೆ? ಷೆಡ್ಡಿಗೆ ಬಂದವರಿಗೆಲ್ಲ ಅವನು ಹೇಳಿದ. ಹೇಳುತ್ತ ಹೇಳುತ್ತ ಕಿಟಕಿಗೆ ಬಣ್ಣ ಬಂತು, ಚಿಲಕಕ್ಕೆ ತುಕ್ಕು ಬಂತು, ಹೊರಗೆ ಗಾಳಿ ಬೀಸತೊಡಗಿತು. ಒಂದು ಸಂಜೆ ಅವಳಿಗೇ ಹೇಳಿದ. "ಆವತ್ತು ನೀನು ಒಳಗೆ ಅಡುಗೆ ಮಾಡ್ತಾ ಇದ್ದೆ. ಬಾ ಇಲ್ಲಿ ಅಂತ ನಾನು ಕೂಗಿದೆ. ನೆನಪಿದೆಯಾ?"

ಅವನ ಕಣ್ಣಿನಲ್ಲಿ ಸುಳ್ಳಿನ ಗುರುತೇ ಇರಲಿಲ್ಲ. "ಹೂಂ" ಎಂದಳು.

ಅವನು ತೀರಿಕೊಂಡ ವರ್ಷ ಮಗಳು ತೀರ್ಪಿನ ಒಂದು ಪುಟಕ್ಕೆ ಚೌಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದಳು. ಅದರಲ್ಲೊಂದು ಸಾಲಿನ ಕೆಳಗೆ ಕೆಂಪು ಗೆರೆ: "ಸದರಿ ಕೀಲನ್ನು ಪ್ರತಿವಾದಿಯು ಸ್ವಂತ ಬುದ್ಧಿಯಿಂದ ರಚಿಸಿದ್ದು ಸಾಬೀತಾಗಿದೆ." ಕೀಲಕ್ಕ ದಿನವೂ ಅದರ ಧೂಳು ಒರೆಸುತ್ತಿದ್ದಳು.

ಈಗಿನ ವಕೀಲೆ ಆಗ ಹಿರಿಯ ವಕೀಲರ ಹಿಂದೆ ಫೈಲು ಹೊತ್ತು ತಿರುಗುತ್ತಿದ್ದ ಹುಡುಗಿ. ಹಿರಿಯರು ತೀರಿಕೊಂಡರು, ಫೈಲುಗಳೂ ಕಕ್ಷಿದಾರರೂ ಇವಳ ಪಾಲಿಗೆ ಬಂದರು. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಮೆಟ್ಟಿಲಲ್ಲೆಲ್ಲ ಬಿಸಿ ಕಾಗದದ ವಾಸನೆ. ಅವಳು ಕಂಪನಿಯ ದಾವೆಯನ್ನು ಓದಿ ಮುಗಿಸಿ ನಕ್ಕಳು.

"ಕೇಳಿ ಅಕ್ಕ. ಅವರು ಒಂದೇ ದಿನ ಎರಡು ಅರ್ಜಿ ಹಾಕಿದ್ರು. ಒಂದರ ಪೇಟೆಂಟು ಆಗ ಬಿದ್ದುಹೋಯ್ತು. ಇದು ಇನ್ನೊಂದು, ಪೆಟ್ಟಿಗೇಲಿ ಮಡಗಿಕೊಂಡಿದ್ದು. ಚಿತ್ರ ಅದೇ, ಕೀಲು ಅದೇ. ಅಲ್ಲಿ 'ನಾಲಗೆ' ಅಂತಿದ್ದದ್ದು ಇಲ್ಲಿ 'ಬಾಗುವ ಪಟ್ಟಿ' ಅಂತಾಗಿದೆ. ಎಮ್ಮೇನ ಮಹಿಷಿ ಅಂತ ಕರೆದ್ರೆ ಹಾಲು ಜಾಸ್ತಿ ಕೊಡುತ್ತಾ?"

ಮಗಳು ಜೋರಾಗಿ ನಕ್ಕಳು. "ಹಾಗಾದ್ರೆ ಮತ್ತೆ ಎಲ್ಲಾ ಸಾಬೀತು ಮಾಡಬೇಕಾ? ಸಾಕ್ಷಿ, ಆಸ್ಪತ್ರೆ, ಎಲ್ಲಾ?"

"ಬೇಡ, ಅದೇ ಇಲ್ಲಿ ಸ್ವಾರಸ್ಯ. ಪೂರ್ವನ್ಯಾಯ ಅಂತಾರೆ. ಅದೇ ಜನ, ಅದೇ ಪ್ರಶ್ನೆ. ಒಂದು ಸಲ ಪೂರ್ತಿ ವಾದ ಆಗಿ, ತೀರ್ಪು ಬಂದು, ಮೇಲಿನ ಕೋರ್ಟೂ ಸರಿ ಅಂದಮೇಲೆ ಆ ಪ್ರಶ್ನೆನ ಯಾರೂ ಮತ್ತೆ ಎತ್ತೋ ಹಾಗಿಲ್ಲ. ಇಲ್ಲಾಂದ್ರೆ ದುಡ್ಡಿದ್ದೋರು ಇಲ್ಲದೋರನ್ನ ಸಾಯೋವರೆಗೂ ಕೋರ್ಟಿಗೆ ಎಳೀತಾನೇ ಇರ್ತಾರೆ. ಪದ ಬದಲಾಯಿಸಿದ್ರೆ ಪ್ರಶ್ನೆ ಬದಲಾಗಲ್ಲ. ನಾವು ಹಳೇ ತೀರ್ಪು ತೋರಿಸಿ ಸುಮ್ನೆ ಕೂರೋದು."

"ಸುಮ್ನೆ ಕೂರೋದು" ಎಂದು ಕೀಲಕ್ಕ ತನಗೆ ತಾನೇ ಹೇಳಿಕೊಂಡಳು. ಅದು ಅವಳಿಗೆ ಕಷ್ಟದ ಕೆಲಸವಲ್ಲ.

ಆದರೆ ಮೂರು ತಿಂಗಳ ಮೇಲೆ ವಕೀಲೆ ಅವಳೊಬ್ಬಳನ್ನೇ ಬರಹೇಳಿದಳು. ಈ ಸಲ ನಗು ಇರಲಿಲ್ಲ. ಮೇಜಿನ ಮೇಲೆ ನೋಟ್‌ಬುಕ್ಕಿನ ಜೆರಾಕ್ಸ್ ಪುಟಗಳು ಹರಡಿದ್ದವು. ಕೆಲವು ಅಂಕಿಗಳ ಸುತ್ತ ಯಾರೋ ಸೊನ್ನೆ ಸುತ್ತಿದ್ದರು.

"ಕಂಪನಿಯವರು ಹೊಸ ಪಟ್ಟು ಹಾಕಿದ್ದಾರೆ. ಅಕ್ಷರ ಪರೀಕ್ಷೆ ಮಾಡೋರಿಗೆ ಇದನ್ನ ಕೊಟ್ಟಿದ್ದಾರೆ. ಈ ಬರಹ ನಿಮ್ಮ ಯಜಮಾನರದ್ದಲ್ಲ ಅಂತ ವರದಿ. ನೋಡಿ, ಏಳಕ್ಕೆಲ್ಲ ಅಡ್ಡಗೆರೆ. ಅವರ ಕೈಬರಹದಲ್ಲಿ ಒಂದು ಕಡೆನೂ ಅಡ್ಡಗೆರೆ ಇಲ್ವಂತೆ. ಅಂದ್ರೆ ಅವರು ಕಟ್ಟೇಲಿ ನಿಂತು ಸುಳ್ಳು ಹೇಳಿದ್ರು, ಸುಳ್ಳಿನ ಮೇಲೆ ಬಂದ ತೀರ್ಪು ಹೊಸ ಕೇಸಿಗೆ ಅಡ್ಡಿಯಾಗೋದಿಲ್ಲ, ಅದನ್ನ ತೆಗೆದುಹಾಕಿ ಅಂತ ವಾದ."

ಕೀಲಕ್ಕ ಒಂದು ಪುಟವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅಕ್ಕ, ಇದು ಯಾರ ಅಕ್ಷರ?"

"ನಂದು."

ವಕೀಲೆ ಉಸಿರು ಬಿಟ್ಟಳು. "ಸರಿ. ಅವರು ಹೇಳ್ತಾ ಹೋದ್ರು, ನೀವು ಬರ್ಕೊಂಡ್ರಿ. ಹಾಗೆ ತಾನೆ?"

"ಅಲ್ಲ."

ಕೆಳಗೆ ಜೆರಾಕ್ಸ್ ಮಷೀನು ಓಡುತ್ತಿತ್ತು, ನಿಂತಿತು, ಮತ್ತೆ ಓಡಿತು. ವಕೀಲೆ ಪೆನ್ನಿಗೆ ಮುಚ್ಚಳ ಹಾಕಿದಳು. "ಹನ್ನೊಂದು ವರ್ಷ ಆಯ್ತು. ನಾನು ಈ ನೋಟ್‌ಬುಕ್ಕನ್ನ ಎಷ್ಟು ಸಲ ಕಂಕುಳಲ್ಲಿ ಇಟ್ಕೊಂಡು ತಿರುಗಿದೀನಿ. ಒಂದು ಮಾತು ಹೇಳಬಾರದಿತ್ತಾ?"

"ಯಾರೂ ಕೇಳಲಿಲ್ಲ."

"ಈಗ ನಾನು ನಿಮಗೆ ಸುಳ್ಳು ಹೇಳಿ ಅನ್ನಲ್ಲ" ಎಂದಳು ವಕೀಲೆ ನಿಧಾನವಾಗಿ. "ಕಟ್ಟೆ ಹತ್ತಿಸಿ ಕೇಳಿದ್ರೆ ನಿಜಾನೇ ಹೇಳಿ. ಆದ್ರೆ ಕಟ್ಟೆ ಹತ್ತೋ ಪ್ರಸಂಗ ಬರದೇ ಇರೋದೇ ನಮ್ಮ ಕೇಸು. ಯಾರು ಮಾಡಿದ್ದು ಅನ್ನೋದಲ್ಲ ಪ್ರಶ್ನೆ. ಅವರಿಗಿಂತ ಮೊದಲೇ ಆಗಿತ್ತಾ ಅನ್ನೋದು. ಅದಕ್ಕೆ ಉತ್ತರ ಸಿಕ್ಕಾಗಿದೆ. ನೀವಾಗೇ ಬಾಯಿ ಬಿಟ್ಟು ನಾನು ಮಾಡಿದ್ದು ಅಂದ್ರೆ, ನೋಡಿ ಗಂಡ ಸುಳ್ಳುಗಾರ, ತಾರೀಖೂ ಸುಳ್ಳಿರಬಹುದು ಅಂತ ಅವರು ಮುಗಿದ ಕೇಸಿನ ಬಾಗಿಲು ಮತ್ತೆ ತೆಗೆಸ್ತಾರೆ. ಆಮೇಲೆ ಮತ್ತೆ ಹತ್ತು ವರ್ಷ. ಷೆಡ್ಡು ಉಳಿಯಲ್ಲ."

"ಇರಲಿ ಬಿಡಿ" ಎಂದಳು ಕೀಲಕ್ಕ.

ಆದರೂ ಕಟ್ಟೆ ಹತ್ತಿಸಿದರೆ ಎಂಬುದೊಂದು ಅವಳ ತಲೆಯಲ್ಲಿ ಉಳಿಯಿತು. ಯಾರಾದರೂ ಕೇಳಿಯೇ ಕೇಳಿದರೆ? ಒಂದು ಭಾನುವಾರ ಮಧ್ಯಾಹ್ನ ಮಗಳು ಗೆಳತಿಯ ಮನೆಗೆ ಹೋಗಿದ್ದಾಗ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಳು. ಕೀಲು ನನಗೆ ಹೊಳೆದದ್ದು ಹೇಗೆಂದರೆ, ಎಂದು ಬರೆದು ನಿಂತಳು. ಕಿಟಕಿಯ ಚಿಲಕ ಕಣ್ಣ ಮುಂದೆ ಬಂತು. ಹೊಡೆದುಹಾಕಿ ಮತ್ತೆ ಬರೆದಳು. ಮತ್ತೆ ಕಿಟಕಿ, ತುಕ್ಕು ಹಿಡಿದ ಚಿಲಕ, ಹೊರಗೆ ಗಾಳಿ. ಅವಳಿಗೆ ಗಂಡನ ಕತೆಯೇ ಬಾಯಿಪಾಠವಾಗಿತ್ತು. ತನ್ನದು ಎಲ್ಲಿಟ್ಟಿದ್ದಳೋ ಸಿಗಲಿಲ್ಲ. ಅಷ್ಟು ವರ್ಷ ಒಂದೇ ಒಂದು ಸಲವೂ ಯಾರಿಗೂ ಹೇಳದ್ದು ಎಲ್ಲಿ ಉಳಿದೀತು?

ಎದ್ದು ಮುಖ ತೊಳೆದುಕೊಂಡಳು. ಆಮೇಲೆ ಅಳತೆಗಳಿಂದ ಶುರುಮಾಡಿದಳು. ನಾಲಗೆಯ ಉದ್ದ, ಅಗಲ, ನಡುವಿನ ಉಬ್ಬು. ಅವು ಕೈಗೆ ನೆನಪಿದ್ದವು. ಉಬ್ಬು ಬರೆಯುತ್ತಿದ್ದಂತೆ ಉಳಿದದ್ದು ಹಿಂದೆಯೇ ಬಂತು. ಅತ್ತೆ ಸೊಂಟ ಮುರಿದುಕೊಂಡ ವರ್ಷ. ಅತ್ತೆ ಕುರ್ಚಿಯಲ್ಲಿ ಕೂತಾಗಲೆಲ್ಲ ಗೋಡೆಗೆ ಒರಗಿಸಿಟ್ಟ ಉದ್ದನೆಯ ಊರುಗೋಲು ಜಾರಿ ದಡ್ ಎಂದು ಬೀಳುತ್ತಿತ್ತು, ಎತ್ತಿಕೊಡಲು ಇವಳು ಒಲೆ ಬಿಟ್ಟು ಓಡಬೇಕಿತ್ತು, "ಮಡಚಿ ಮಡಿಲಲ್ಲಿಟ್ಟುಕೊಳ್ಳೋ ಹಾಗಿದ್ದರೆ ನಿನಗೂ ಈ ಓಡಾಟ ತಪ್ಪುತ್ತಿತ್ತಲ್ಲೇ" ಎಂದು ಅತ್ತೆ ಗೊಣಗುತ್ತಿದ್ದಳು. ಒಂದು ಬೆಳಿಗ್ಗೆ ಶಾಲೆಗೆ ಹೊರಟ ಮಗಳಿಗೆ ತಲೆ ಬಾಚುವಾಗ ಕೈಯಲ್ಲಿ ಅವಳ, ನಡುವೆ ಉಬ್ಬಿದ ತಗಡಿನ ಕ್ಲಿಪ್ಪು. ಒತ್ತಿದರೆ ಟಕ್ಕೆಂದು ಕೂದಲು ಹಿಡಿಯುತ್ತದೆ, ಹಿಂದಕ್ಕೆ ಬಾಗಿಸಿದರೆ ಟಕ್ಕೆಂದು ಬಿಡುತ್ತದೆ. ಇವಳು ಟಕ್ ಟಕ್ ಎಂದು ಹತ್ತು ಸಲ ಮಾಡಿದಳು. "ಅಮ್ಮಾ, ಬಸ್ಸು ಹೋಗುತ್ತೆ" ಎಂದು ಹುಡುಗಿ ಅತ್ತಳು. ಬಸ್ಸು ಹೋಗಿಯೂಬಿಟ್ಟಿತು.

ಮೂರು ಹಾಳೆ ತುಂಬಿತು. ಓದಿ ನೋಡಿದಳು. ಬೇರೆ ಯಾರದೋ ಮನೆಯ ವಿಷಯ ಓದಿದಂತಿತ್ತು. ಮಡಚಿ ಚೀಲದೊಳಗಿಟ್ಟಳು.

ವಿಚಾರಣೆ ಬಂದದ್ದು ಇನ್ನೂ ಎಂಟು ತಿಂಗಳಿಗೆ. ಹತ್ತೂವರೆಗೆ ಕರೆಯುತ್ತೇವೆಂದವರು ಹನ್ನೆರಡಕ್ಕೆ ಕರೆದರು. ಕಂಪನಿಯ ವಕೀಲ ಎತ್ತರದ, ನರೆತ ಮೀಸೆಯ ಮನುಷ್ಯ. ಅವಸರವಿಲ್ಲದ ಮಾತು. ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಸ್ವಾಮಿ, ಈ ನೋಟ್‌ಬುಕ್ಕನ್ನು ಬರೆದವರು ಆತ ಅಲ್ಲ" ಎಂದ ಅವನು, ಹಾಳೆಯನ್ನು ಎತ್ತಿ ಹಿಡಿದು. "ಇದನ್ನು ಬರೆದದ್ದು ನಕ್ಷೆಯ ಕೆಲಸ ಬಲ್ಲ ಕೈ. ಗೆರೆ ನೋಡಿ, ಅಳತೆ ಬಾಣಗಳನ್ನು ನೋಡಿ, ಒಂದು ಕಡೆಯೂ ತಡವರಿಕೆ ಇಲ್ಲ. ಆತನಿಗೆ ಈ ತರಬೇತಿ ಇರಲೇ ಇಲ್ಲ. ಇದು ಬೇರೆ ಯಾರದೋ ಬುದ್ಧಿ. ಆ ವ್ಯಕ್ತಿ ಯಾರು ಅಂತ ಕೋರ್ಟಿಗೆ ಇವತ್ತಿನವರೆಗೂ ಹೇಳಿಲ್ಲ."

ತನ್ನ ಗೆರೆಯನ್ನು ಅಷ್ಟು ಜನರ ಮುಂದೆ ಒಬ್ಬರು ಹೊಗಳಿದ್ದು ಅದೇ ಮೊದಲು. ಹೊಗಳಿದವನು ಎದುರು ಪಕ್ಷದವನು. ಕೀಲಕ್ಕ ಚೀಲದ ಹಿಡಿಕೆ ಬಿಗಿಯಾಗಿ ಹಿಡಿದಳು. ಪಕ್ಕದಲ್ಲಿ ಮಗಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನೋಡಮ್ಮಾ ಹೇಗೆ ಬೊಗಳ್ತಾನೆ. ಸತ್ತೋರ ಮೇಲೆ."

ನ್ಯಾಯಾಧೀಶರು ಕನ್ನಡಕ ಮೇಲೆತ್ತಿದರು. "ಈ ನೋಟ್‌ಬುಕ್ ಹನ್ನೊಂದು ವರ್ಷದ ಹಿಂದೆಯೂ ನಿಮ್ಮ ಮುಂದೆ ಇತ್ತಲ್ಲ?"

"ಇತ್ತು ಸ್ವಾಮಿ."

"ಅಕ್ಷರವೂ ಇದೇ ಇತ್ತಲ್ಲ? ಆಗ ಯಾಕೆ ಕೇಳಲಿಲ್ಲ?"

"ಆಗ ನಮಗೆ ಅನುಮಾನ ಬಂದಿರಲಿಲ್ಲ."

"ಬರಬೇಕಿತ್ತು. ಆಗ ಕೇಳಬಹುದಾಗಿದ್ದನ್ನು ಆಗಲೇ ಕೇಳಬೇಕು. ಒಂದೊಂದೇ ಅನುಮಾನಕ್ಕೆ ಒಂದೊಂದು ದಾವೆ ಅಂದರೆ ಯಾವ ತೀರ್ಪೂ ನಿಲ್ಲೋದಿಲ್ಲ." ಅವರು ಹಾಳೆ ತಿರುವಿದರು. "ಆಸ್ಪತ್ರೆಯ ಪತ್ರ ಸುಳ್ಳು ಅಂತ ನೀವು ಹೇಳ್ತಿಲ್ಲ?"

"ಇಲ್ಲ ಸ್ವಾಮಿ."

"ಅಂದಮೇಲೆ ವಸ್ತು ಇತ್ತು, ಜನ ಬಳಸ್ತಿದ್ದರು. ಗಂಡ ಬರೆದರೋ, ಹೆಂಡತಿ ಬರೆದರೋ, ದಾರೀಲಿ ಹೋಗೋರು ಬರೆದರೋ, ಅದರಿಂದ ನಿಮಗೇನು? ಯಾರ ಕೈ ಅನ್ನೋದು ಇಲ್ಲಿ ಅಪ್ರಸ್ತುತ."

ವಕೀಲೆ ಎದ್ದು ನಿಂತು ಹಳೆಯ ತೀರ್ಪಿನ ಎರಡು ಸಾಲು ಓದಿ ಕೂತಳು. ಅಷ್ಟೇ. ಕಟ್ಟೆ ಖಾಲಿಯಾಗಿಯೇ ಇತ್ತು. ಪ್ರಶ್ನೆ ಆಗಲೇ ತೀರ್ಮಾನವಾಗಿದೆ, ದಾವೆ ವಜಾ, ಎಂದರು ನ್ಯಾಯಾಧೀಶರು. ಗುಮಾಸ್ತ ಮುಂದಿನ ಕೇಸಿನ ನಂಬರು ಕೂಗಿದ. ಒಟ್ಟು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಮಗಳು ಅಮ್ಮನನ್ನು ಅಪ್ಪಿಕೊಂಡು ಅತ್ತಳು. ಕೀಲಕ್ಕ ಅವಳ ಬೆನ್ನು ತಟ್ಟಿದಳು. ಗೆದ್ದೆವು ಎಂದು ಮನಸ್ಸಿಗೆ ಹೇಳಿದಳು. ಮನಸ್ಸು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಮಗಳು ಮೇಸ್ತ್ರಿಗೆ ಫೋನು ಮಾಡಲು ಹೊರಗೆ ಹೋದಳು. ವಕೀಲೆ ಯಾವುದೋ ಕಾಗದಕ್ಕೆ ಓಡಿದಳು. ಮೊಗಸಾಲೆಯ ಬೆಂಚಿನಲ್ಲಿ ಕೀಲಕ್ಕ ಒಬ್ಬಳೇ ಕೂತಿದ್ದಾಗ ಕಂಪನಿಯ ವಕೀಲ ಅದೇ ದಾರಿಯಲ್ಲಿ ಬಂದ. ಮುಂದೆ ಹೋದವನು ಹಿಂದಿರುಗಿ ನಿಂತ.

"ಕೇಸ್ ಮುಗೀತಮ್ಮ. ಇನ್ನು ನೀವು ಏನು ಹೇಳಿದ್ರೂ ನನಗೆ ಉಪಯೋಗ ಇಲ್ಲ. ಸುಮ್ನೆ ಕೇಳ್ತೀನಿ. ಅದು ನಿಮ್ಮ ಕೈ ಅಲ್ವಾ?"

ಅವಳು ಅವನನ್ನು ನೋಡಿದಳು. ದಣಿದ ಮುಖ. ಮೀಸೆಯ ಒಂದು ಕಡೆ ಶಾಯಿಯೋ ಏನೋ ತಾಗಿತ್ತು.

"ಹೌದು" ಎಂದಳು.

"ಚಿತ್ರ ಮಾತ್ರಾನಾ?"

"ಎಲ್ಲಾ."

ಅವನು ತಲೆಯಾಡಿಸಿದ. "ನಾಲ್ಕು ಜನ ಎಂಜಿನಿಯರುಗಳು ನಮಗೆ ಅದನ್ನ ವಿವರಿಸಿದ್ರು. ನಿಮ್ಮ ಹನ್ನೆರಡನೇ ಪುಟ ನೋಡಿದ ಮೇಲೇ ನನಗೆ ಅರ್ಥ ಆಗಿದ್ದು" ಎಂದು ಹೇಳಿ, ಫೈಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೊರಟುಹೋದ.

ಹನ್ನೊಂದು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಹೊರಗೆ ಬಂದಿತ್ತು. ಬಂದರೆ ಎದೆ ಹಗುರಾದೀತು, ಅಳುವಾದರೂ ಬಂದೀತು ಎಂದುಕೊಂಡಿದ್ದಳು. ಯಾವುದೂ ಬರಲಿಲ್ಲ. ಬಾಯಿ ಒಣಗಿತ್ತು. ನಲ್ಲಿ ಎಲ್ಲಿದೆ ಎಂದು ಪೇದೆಯನ್ನು ಕೇಳಿ ನೀರು ಕುಡಿದಳು.

ಮನೆಯಲ್ಲಿ ಮೇಸ್ತ್ರಿ ಸಿಹಿ ತರಿಸಿದ್ದ. "ಅಣ್ಣ ಇರಬೇಕಿತ್ತು ಅಕ್ಕ, ಕುಣಿದುಬಿಡ್ತಿದ್ರು" ಎಂದು ಎಲ್ಲರಿಗೂ ಹಂಚಿದ. ಹೆಂಗಸರಿಬ್ಬರು ಕೈ ಒರೆಸಿಕೊಂಡು ತಿಂದರು. ಅವರೆಲ್ಲ ಹೋದ ಮೇಲೆ ಮಗಳು ಗೋಡೆಯ ಚೌಕಟ್ಟಿನ ಮುಂದೆ ನಿಂತು, "ಇದರ ಪಕ್ಕ ಹೊಸ ತೀರ್ಪಿಗೂ ಒಂದು ಚೌಕಟ್ಟು ಹಾಕಿಸ್ತೀನಿ" ಎಂದಳು.

ಕೀಲಕ್ಕ ಚೀಲದಿಂದ ಮೂರು ಹಾಳೆ ತೆಗೆದು ಅವಳ ಕೈಗೆ ಕೊಟ್ಟಳು. ಯಾಕೆ ಕೊಟ್ಟಳೆಂದು ಅವಳಿಗೂ ಗೊತ್ತಿರಲಿಲ್ಲ. ಬೆಳಗಿನಿಂದ ಹೊತ್ತ ಸಾಮಾನನ್ನು ಕೆಳಗಿಟ್ಟ ಹಾಗೆ ಕೊಟ್ಟಳು.

ಮಗಳು ನಿಂತೇ ಓದಿದಳು. ಒಂದು ಸಲ ಓದಿ, ಮೊದಲ ಹಾಳೆಗೆ ಹಿಂದಿರುಗಿ ಮತ್ತೆ ಓದಿದಳು. "ಇದೇನಮ್ಮ?"

"ನಡೆದದ್ದು."

"ಅಂದ್ರೆ ಅಪ್ಪ ಸುಳ್ಳು ಹೇಳಿದ್ರಾ?"

"ವಕೀಲ್ರು ಹಾಗೆ ಹೇಳಿ ಅಂದ್ರು. ಆಮೇಲಾಮೇಲೆ ಅವರಿಗೆ ಅದೇ ನಿಜ ಆಯ್ತು."

"ನೀನು ಅಲ್ಲೇ ಕೂತಿದ್ದೆಯಲ್ಲ? ಅಪ್ಪ ಇದ್ದಾಗ ಹೇಳಬೇಕಿತ್ತು. ನಾನು ಇದನ್ನ ಗೋಡೆಗೆ ಹಾಕಿದಾಗ ಹೇಳಬೇಕಿತ್ತು. ದಿನಾ ಧೂಳು ಒರೆಸಿದೆಯಲ್ಲಮ್ಮ, ನಿನ್ನ ಕೈಯಾರೆ!" ಮಗಳ ದನಿ ಒಡೆಯಿತು. "ಈಗ ಅವರಿಲ್ಲ. ನಾನು ಯಾರನ್ನ ಕೇಳಲಿ? ಈಗ ಯಾಕೆ ಕೊಟ್ಟೆ?"

ಕೀಲಕ್ಕನ ಬಾಯಿಗೆ ಇರಲಿ ಬಿಡು ಎಂಬ ಮಾತು ಬಂತು. ಹೇಳಲಿಲ್ಲ. ಮಗಳು ಹಾಳೆಗಳನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಐದು ದಿನ ಮಾತಿಲ್ಲ. ಕೆಲಸದ ಮಾತು ಮಾತ್ರ. ರಬ್ಬರ್ ಬೂಟು ಮುಗಿದಿದೆ. ಆಸ್ಪತ್ರೆಯವರಿಗೆ ಹನ್ನೆರಡು ಜೊತೆ ಬೇಕಂತೆ. ಹೂಂ. ಸರಿ. ಕೀಲಕ್ಕ ವೈಸಿನ ಮುಂದೆ ನಿಂತು ಹಿಡಿಕೆಗಳಿಗೆ ಅರ ಹಾಕಿದಳು. ಅಷ್ಟು ಹಿಡಿಕೆ ಆ ವಾರ ಬೇಕೇ ಇರಲಿಲ್ಲ. ಮೇಸ್ತ್ರಿ ಏನೋ ವಾಸನೆ ಹಿಡಿದು, ಒಂದು ಮಧ್ಯಾಹ್ನ ಎಲೆಯಡಿಕೆ ಉಗಿದು ಬಂದು ಹೇಳಿಯೇಬಿಟ್ಟ. "ಅಕ್ಕ, ಮಗು ನನ್ನ ಕೇಳಿತು. ಪಟ್ಟಿಯ ಚಿತ್ರ ತಂದುಕೊಡ್ತಿದ್ದದ್ದು ಯಾರು ಅಂತ. ಅಕ್ಕಾನೇ ತರ್ತಿದ್ರು, ಅಣ್ಣ ಹದ ಹಾಕ್ತಿದ್ರು ಅಂದೆ. ತಪ್ಪಾಯ್ತಾ?"

"ಇಲ್ಲ" ಎಂದಳು. "ಗೊತ್ತಿತ್ತಾ ನಿಮಗೆ?"

"ಕಣ್ಣಿತ್ತಲ್ಲ ಅಕ್ಕ. ನೀವಿಬ್ರೂ ಸುಮ್ನಿದ್ರಿ, ನಾನೂ ಸುಮ್ನಿದ್ದೆ."

ಕಂಪನಿ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಗಡುವು ಮುಗಿದ ವಾರ ತೀರ್ಪಿನ ನಕಲು ಬಂತು. ಮಗಳು ಅದನ್ನು ಓದಿ ಫೈಲಿಗೆ ಸೇರಿಸಿದಳು. ಚೌಕಟ್ಟಿನ ಮಾತು ಎತ್ತಲಿಲ್ಲ. ಹಳೆಯ ಚೌಕಟ್ಟನ್ನು ಇಳಿಸಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಷೆಡ್ಡಿನ ಬಾಗಿಲಿಗೆ ಬಂದು, "ಇನ್ನು ಕೋರ್ಟಿಗೆ ನೋಟ್‌ಬುಕ್ ಬೇಕಾಗಿಲ್ಲ. ವಾಪಸ್ ತರೋಣ್ವಾ?" ಎಂದಳು.

"ತರೋಣ."

ಕೋರ್ಟಿನ ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಕಬ್ಬಿಣದ ಕಪಾಟುಗಳ ನಡುವೆ ಸ್ವೆಟರು ಹಾಕಿಕೊಂಡು ಕೂತಿದ್ದ ಗುಮಾಸ್ತೆ ಒಂದು ಫಾರಂ ಕೊಟ್ಟಳು. ಮಗಳು ತುಂಬುತ್ತ ಬಂದು, ದಾಖಲೆ ಯಾರದ್ದು ಎಂಬ ಕಡೆ ಪೆನ್ನು ನಿಲ್ಲಿಸಿದಳು. ಆಮೇಲೆ ಅಮ್ಮನ ಹೆಸರು ಬರೆದಳು. ಕೀಲಕ್ಕ ನೋಡಿದಳು.

ಗುಮಾಸ್ತೆ ಫಾರಂ ಓದಿ ತಲೆಯಲ್ಲಾಡಿಸಿದಳು. "ಹೀಗೆ ಕೊಡೋಕಾಗಲ್ಲ. ದಾಖಲೆ ಹಾಜರು ಮಾಡಿದೋರು ನಿಮ್ಮ ಯಜಮಾನ್ರು. ಅವರದ್ದು ಅಂತಲೇ ನಮ್ಮ ಪುಸ್ತಕದಲ್ಲಿದೆ. ಅವರ ವಾರಸುದಾರ್ರು ಅಂತ ಬರೀರಿ, ಮರಣ ಪತ್ರ ಲಗತ್ತಿಸಿ."

"ಆದ್ರೆ ಇದು ಇವರದ್ದೇ ಮೇಡಂ" ಎಂದಳು ಮಗಳು. "ಇವರೇ ಬರೆದಿದ್ದು. ಬೇಕಿದ್ರೆ ಈಗಲೇ ಬರೆಸಿ ನೋಡಿ."

"ಇರಬಹುದಮ್ಮ. ನಾನು ತೀರ್ಪು ತಿದ್ದೋಕಾಗುತ್ತಾ?"

ಮಗಳು ಬಾಯಿ ತೆರೆದಳು. ಕೀಲಕ್ಕ ಅವಳ ಮೊಣಕೈ ಮುಟ್ಟಿ, ಹೊಸ ಫಾರಂ ತೆಗೆದುಕೊಂಡು, ತಾನೇ ತುಂಬಿದಳು. ಗಂಡನ ಹೆಸರು. ಸ್ವಂತ ಹೆಸರಿನ ಮುಂದೆ ವಾರಸುದಾರಳು. ತಾರೀಖು ಇಪ್ಪತ್ತೇಳು, ಏಳಕ್ಕೆ ಅಡ್ಡಗೆರೆ ಎಳೆದು ಸಹಿ ಹಾಕಿದಳು. ಗುಮಾಸ್ತೆ ಮೊಹರು ಒತ್ತಿ, ಒಳಗೆ ಹೋಗಿ, ದಾರ ಕಟ್ಟಿದ ಲಕೋಟೆ ತಂದುಕೊಟ್ಟಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಗಳು ಕಿಟಕಿಯ ಪಕ್ಕ ಕೂತು ದಾರ ಬಿಚ್ಚಿದಳು. ನೋಟ್‌ಬುಕ್ಕಿನ ರಟ್ಟಿನ ಮೇಲೆ ಒಂದರ ಮೇಲೊಂದು ಕೋರ್ಟಿನ ಚೀಟಿ ಅಂಟಿಸಿದ್ದರು. ಅವಳು ಒಂದೊಂದೇ ಪುಟ ನಿಧಾನವಾಗಿ ತಿರುವುತ್ತ ಹೋದಳು. ಕೀಲಕ್ಕ ಎದುರು ಸೀಟಿನ ಕಂಬಿ ಹಿಡಿದು ರಸ್ತೆ ನೋಡುತ್ತಿದ್ದಳು. ಮೂರು ನಿಲ್ದಾಣ ಹೋಯಿತು. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು.

"ಅಮ್ಮಾ" ಎಂದಳು ಮಗಳು, ಪುಟದ ಮೇಲೆ ಬೆರಳಿಟ್ಟು. "ಇಲ್ಲಿ ಉಬ್ಬಿನ ಅಳತೆ ತಪ್ಪಾಗಿದೆಯಲ್ಲ? ಹೀಗಾದ್ರೆ ನಾಲಗೆ ಕೂರೋದೇ ಇಲ್ಲ."

ಕೀಲಕ್ಕ ಬಗ್ಗಿ ನೋಡಿದಳು. "ಹೂಂ, ತಪ್ಪು. ಮುಂದಿನ ಪುಟದಲ್ಲಿ ಸರಿ ಮಾಡಿದೀನಿ."

ಮಗಳು ಪುಟ ತಿರುವಿದಳು.